ಮರುಭೂಮಿಯ ಗುಡ್ಡದ ಮೇಲೆ 8,200 ಅಡಿಯಲ್ಲಿ ಪುಕ್ಕಟೆ ಟೆಂಟ್ ಜಾಗ: ಅಪ್ಪ, ಅವ್ವನನ್ನು ಕರೆದುಕೊಂಡು ಹೋಗಬಹುದಾ?

ಸೇಡಂರಸ್ತೆ (ಕಲಬುರಗಿ)

ಎಲ್ಲರಿಗೂ ಶರಣು. ಒಂದು ವಿಷಯದಲ್ಲಿ ನಿಮ್ಮ ಸಲಹೆ ಬೇಕು.

ಅಣ್ಣ ಲಾಸ್ ಏಂಜಲೀಸ್‌ನಲ್ಲಿ ಇದ್ದಾನೆ. ದಸರಾ ಮುಗಿಸಿಕೊಂಡು ಅಪ್ಪ, ಅವ್ವ, ನಾನು ಮೂವರೂ ಹೊರಟಿದ್ದೇವೆ. ವೀಸಾ ಆಗಿದೆ. ಅಕ್ಟೋಬರ್ ಕೊನೆ ವಾರ ಡೆತ್ ವ್ಯಾಲಿ ಮರುಭೂಮಿಗೆ ಹೋಗಿ ಎರಡು ರಾತ್ರಿ ಟೆಂಟ್‌ನಲ್ಲಿ ಇರೋಣ ಅಂತಾನೆ ಅಣ್ಣ. ಅಲ್ಲಿ ಮಹಾಗನಿ ಫ್ಲಾಟ್ ಅಂತ ಒಂದು ಜಾಗ ಇದೆಯಂತೆ. ಬಾಡಿಗೆ ಇಲ್ಲ, ಬುಕಿಂಗ್ ಇಲ್ಲ, ಮೊದಲು ಹೋದವರಿಗೆ ಜಾಗ. ಎತ್ತರ ಮಾತ್ರ ಸುಮಾರು 8,200 ಅಡಿ.

ನಾವು ಬಿಸಿಲಿನ ಜನ. ಮೇ ತಿಂಗಳಲ್ಲಿ ಮಾಳಿಗೆಗೆ ನೀರು ಹೊಡೆದು ಅಲ್ಲೇ ಚಾಪೆ ಹಾಸುವವರು. ಚಳಿ ಅಂದರೆ ಜನವರಿಯಲ್ಲಿ ಬೀದರ್‌ಗೆ ಮದುವೆಗೆ ಹೋದಾಗ ಕಂಡದ್ದು ಅಷ್ಟೇ. ಅಪ್ಪನಿಗೆ 66, ದಿನಾ ಬಿಪಿ ಗುಳಿಗೆ. ಅವ್ವನಿಗೆ ಮೊಣಕಾಲು ನೋವು. "ಮರುಭೂಮಿ ಅಲ್ವಾ, ಒಂದು ಶಾಲು ಸಾಕು" ಅಂತ ಅಪ್ಪ ಹೇಳುತ್ತಿದ್ದಾರೆ. ಅವ್ವ ಮಾತ್ರ ಎರಡು ಕೌದಿ ಕಟ್ಟಿಟ್ಟಿದ್ದಾರೆ. ಯಾರ ಮಾತು ಕೇಳಲಿ? ಆ ಎತ್ತರ ಇವರಿಗೆ ಆಗುತ್ತದಾ? ಊಟ, ನೀರು, ರಸ್ತೆ ಹೇಗೆ? ಹೋಗಿ ಬಂದವರು ಇದ್ದರೆ ದಯವಿಟ್ಟು ಬರೆಯಿರಿ.

ತೊಗರಿಹೊಲ (ಆಳಂದ)

ಬೇಡ ತಮ್ಮಾ. ಅದು ಜಗತ್ತಿನಲ್ಲೇ ಅತಿ ಹೆಚ್ಚು ಉಷ್ಣಾಂಶ ದಾಖಲಾದ ಜಾಗ. 56.7 ಡಿಗ್ರಿ! ನಮ್ಮ ಕಲಬುರಗಿಯಲ್ಲಿ 43 ಆದರೇ ಬೀದಿಯಲ್ಲಿ ನಾಯಿ ಕಾಣುವುದಿಲ್ಲ. ವಯಸ್ಸಾದವರನ್ನು ಅಲ್ಲಿಗೆ ಕರೆದೊಯ್ಯುವುದಾ?

ಮರಳಿಊರಿಗೆ (ಕಲಬುರಗಿ)

ಕಾಕಾ, ಲೆಕ್ಕ ಸರಿ, ಜಾಗ ಬೇರೆ. 56.7 ದಾಖಲಾದದ್ದು 1913ರ ಜುಲೈ 10ರಂದು, ಫರ್ನೇಸ್ ಕ್ರೀಕ್‌ನಲ್ಲಿ. ಅದು ಕಣಿವೆಯ ತಳ, ಸಮುದ್ರ ಮಟ್ಟಕ್ಕಿಂತ ಕೆಳಗೆ. ಇವರು ಕೇಳುತ್ತಿರುವುದು ಅದೇ ಡೆತ್ ವ್ಯಾಲಿ ರಾಷ್ಟ್ರೀಯ ಪಾರ್ಕಿನ ಪಶ್ಚಿಮದ ಪ್ಯಾನಮಿಂಟ್ ಗುಡ್ಡಗಳ ಮೇಲಿನ ಜಾಗ. ತಿಂಗಳೂ ಬೇರೆ, ಅಕ್ಟೋಬರ್ ಕೊನೆ.

ನಾನು ಆರು ವರ್ಷ ಕ್ಯಾಲಿಫೋರ್ನಿಯಾದಲ್ಲಿ ಇದ್ದೆ. ಮಹಾಗನಿ ಫ್ಲಾಟ್‌ನಲ್ಲಿ ಎರಡು ಸಲ ಮಲಗಿದ್ದೇನೆ, ಅದಕ್ಕೇ ಸ್ವಲ್ಪ ಉದ್ದ ಬರೆಯುತ್ತೇನೆ.

ಮೊದಲ ಮಾತು: ಮರುಭೂಮಿಯಲ್ಲಿ ಜಾಗದ ಹೆಸರು ನೋಡಬೇಡಿ, ಎತ್ತರ ನೋಡಿ. ಕಣಿವೆಯ ತಳ ಬ್ಯಾಡ್‌ವಾಟರ್, ಸಮುದ್ರ ಮಟ್ಟಕ್ಕಿಂತ 86 ಮೀಟರ್ ಕೆಳಗೆ. ಕ್ಯಾಂಪ್ ಸುಮಾರು 2,500 ಮೀಟರ್ ಮೇಲೆ. ಸಾವಿರ ಮೀಟರ್ ಏರಿದರೆ ಆರು ಆರೂವರೆ ಡಿಗ್ರಿ ಇಳಿಯುತ್ತದೆ ಅಂತ ಹಿಡಿದರೂ ಕೆಳಗಿಗೂ ಮೇಲಿಗೂ 16, 17 ಡಿಗ್ರಿ ವ್ಯತ್ಯಾಸ. ಮಧ್ಯಾಹ್ನ ಕೆಳಗೆ ಬನಿಯನ್‌ನಲ್ಲಿ ಓಡಾಡಿದವನು ಸಂಜೆ ಮೇಲೆ ಟೋಪಿ, ಕೈಗವಸು ಹಾಕಿಕೊಂಡು ನಡುಗುತ್ತಾ ಕೂತಿರುತ್ತಾನೆ.

ನಾನು ಮೊದಲ ಸಲ ಹೋದದ್ದು ನವೆಂಬರ್ ಮೊದಲ ವಾರ. ರಾತ್ರಿ ಟೆಂಟ್ ಹೊರಗೆ ನೀರಿನ ಕ್ಯಾನ್ ಬಿಟ್ಟಿದ್ದೆ. ಬೆಳಗ್ಗೆ ಚಹಾಕ್ಕೆ ನೀರು ಬಗ್ಗಿಸಲು ಹೋದರೆ ಒಂದು ಹನಿ ಬೀಳಲಿಲ್ಲ. ಬಾಯಿಗೆ ಬೆರಳು ಹಾಕಿದೆ, ಮೇಲೆ ರೊಟ್ಟಿಯಷ್ಟು ದಪ್ಪ ಮಂಜುಗಡ್ಡೆ. ಚಮಚದಿಂದ ಒಡೆದು ನೀರು ತೆಗೆದೆ. ಅಪ್ಪನವರ ಒಂದು ಶಾಲು ಸಾಲುವುದೇ ಇಲ್ಲ. ಅವ್ವನ ಕೌದಿಯ ವಿಷಯ ಆಮೇಲೆ ಹೇಳುತ್ತೇನೆ, ಈಗ ಮಗಳನ್ನು ಟ್ಯೂಷನ್ನಿಂದ ಕರೆತರಬೇಕು.

ತೊಗರಿಹೊಲ (ಆಳಂದ)

ಸರಿ ತಮ್ಮಾ, ಎತ್ತರದ ವಿಷಯ ಗೊತ್ತಿರಲಿಲ್ಲ. ಹಾಗಾದರೆ ಬಿಸಿಲಲ್ಲ, ಚಳಿಯ ಭಯ. ಬೇಡ ಅನ್ನುವ ಮಾತು ಮಾತ್ರ ನಾನು ಇನ್ನೂ ಹಿಂದೆ ತೆಗೆದುಕೊಂಡಿಲ್ಲ.

ಚಿಂಚೋಳಿಕಾಡು

ಒಂದು ಪ್ರಶ್ನೆ. ಟೆಂಟ್ ಹಾಕುವುದಕ್ಕೆ ಅಮೆರಿಕಾ ಯಾಕೆ? ನಮ್ಮ ಚಿಂಚೋಳಿಯ ಚಂದ್ರಂಪಳ್ಳಿ ಕೆರೆ ದಂಡೆ ಇಲ್ಲವಾ? ಮಳೆಗಾಲ ಮುಗಿದ ಮೇಲೆ ಆ ಗುಡ್ಡಗಳನ್ನು ನೋಡಿದ್ದೀರಾ? ಕಲಬುರಗಿ ಮಂದಿಗೇ ಜಿಲ್ಲೆಯಲ್ಲಿ ಇಂಥ ಕಾಡಿದೆ ಅಂತ ಗೊತ್ತಿಲ್ಲ, ನನಗೆ ಬೇಜಾರು ಅದು.

ಸುರಪುರಸವಾರ (ಯಾದಗಿರಿ)

ಅಣ್ಣಾ, ಅವರ ಅಣ್ಣ ಅಲ್ಲಿರುವುದರಿಂದ ಹೋಗುತ್ತಿದ್ದಾರೆ. ಚಿಂಚೋಳಿ ಬಿಟ್ಟು ಅಲ್ಲಿಗೆ ಓಡುತ್ತಿಲ್ಲ.

ಚಿಂಚೋಳಿಕಾಡು

ಅದು ಒಪ್ಪುತ್ತೇನೆ. ಆದರೂ ಹೇಳಬೇಕು ಅನ್ನಿಸಿತು.

ಓಲ್ಡ್‌ಸಿಟಿ (ಬೀದರ್)

ಚಿಂಚೋಳಿಯಲ್ಲಿ ಸುಮ್ನೆ ಹೋಗಿ ಟೆಂಟ್ ಹಾಕಲು ಬಿಡುತ್ತಾರಾ? 2011ರಲ್ಲಿ ಅದು ವನ್ಯಜೀವಿ ಧಾಮ ಆಗಿದೆ.

ಚಿಂಚೋಳಿಕಾಡು

ಬಿಡುವುದಿಲ್ಲ, ಬಿಡಲೂಬಾರದು. ಧಾಮದ ಒಳಗೆ ಅರಣ್ಯ ಇಲಾಖೆಯ ಅನುಮತಿ ಬೇಕೇ ಬೇಕು, 1972ರ ವನ್ಯಜೀವಿ ಕಾಯ್ದೆಯೇ ಹಾಗಿದೆ. ಎರಡು ವರ್ಷದ ಹಿಂದೆ ಯಾರೋ ರಾತ್ರಿ ಬಂದು ಬೆಂಕಿ ಹಾಕಿ, ಬಾಟಲಿ ಒಡೆದು ಹೋಗಿದ್ದರು. ಆ ಗಾಜನ್ನು ನಾವು ಐದು ಜನ ಒಂದು ಮಧ್ಯಾಹ್ನ ಪೂರ್ತಿ ಆರಿಸಿದೆವು. ಪುಕ್ಕಟೆ ಜಾಗ ಅಂದರೆ ನನಗೆ ಮೊದಲು ನೆನಪಾಗುವುದು ಆ ಗಾಜು. ಮರಳಿಊರಿಗೆ ಅವರೇ, ಅಲ್ಲಿ ದುಡ್ಡು ತೆಗೆದುಕೊಳ್ಳದೆ ಜಾಗ ಹೇಗೆ ಸ್ವಚ್ಛ ಇಡುತ್ತಾರೆ? ನಿಜವಾಗಿ ಕೇಳುತ್ತಿದ್ದೇನೆ.

ಮರಳಿಊರಿಗೆ (ಕಲಬುರಗಿ)

ಬಂದೆ. ಪೂರ್ತಿ ಪುಕ್ಕಟೆ ಅಲ್ಲ. ಟೆಂಟ್ ಜಾಗಕ್ಕೆ ದುಡ್ಡಿಲ್ಲ, ಪಾರ್ಕ್ ಪ್ರವೇಶಕ್ಕೆ ಇದೆ. ನಾವು ಹೋದಾಗ ಒಂದು ಕಾರಿಗೆ 30 ಡಾಲರ್, ಏಳು ದಿನ ನಡೆಯುತ್ತಿತ್ತು. ಮೇಲೆ ಇರುವುದು ಒಂದು ಗುಂಡಿ ಕಕ್ಕಸು, ಕೆಲವು ಮೇಜು, ಬೆಂಕಿಗೆ ಕಬ್ಬಿಣದ ಬಳೆ. ಹತ್ತು ಟೆಂಟ್‌ಗೂ ಜಾಗ ಇಲ್ಲ. ನೀರು ಇಲ್ಲ, ಕರೆಂಟ್ ಇಲ್ಲ, ಮೊಬೈಲ್ ಸಿಗ್ನಲ್ ಇಲ್ಲ. ತಂದ ಕಸ ತಂದವರೇ ಕೆಳಗೆ ಒಯ್ಯಬೇಕು. ನಾನು ಹೋದಾಗ ಪಕ್ಕದ ಟೆಂಟ್‌ನ ಮುದುಕಿಯೊಬ್ಬರು ಹೊರಡುವ ಮೊದಲು ಬಗ್ಗಿ ಬಗ್ಗಿ ಕಿತ್ತಳೆ ಸಿಪ್ಪೆಯ ಚೂರು ಆರಿಸುತ್ತಿದ್ದರು. ಅವರು ತಿಂದದ್ದೂ ಅಲ್ಲ ಅದು. ಅಲ್ಲಿ ಜಾಗ ಸ್ವಚ್ಛ ಇರುವುದು ಇಂಥವರಿಂದ.

ಒಣ ಕಟ್ಟಿಗೆ ಕಾಣುತ್ತದೆ ಅಂತ ಆರಿಸಬೇಡಿ. ಪಾರ್ಕಿನಲ್ಲಿ ಕಟ್ಟಿಗೆ ಆರಿಸುವುದು ನಿಷೇಧ. ಬೇಕಾದರೆ ಊರಿನಿಂದ ಕೊಂಡೊಯ್ಯಬೇಕು. ಬೆಂಕಿ ನಿಷೇಧ ಜಾರಿಯಲ್ಲಿದೆಯಾ ಅಂತ ಹೊರಡುವ ಮೊದಲು ಕೇಳಿಕೊಳ್ಳಿ.

ಈಗ ಕೌದಿ. ಕೌದಿ ಮೇಲೆ ಹೊದೆಯಲು ಚೆನ್ನಾಗಿದೆ, ಆದರೆ ಚಳಿ ಬರುವುದು ಕೆಳಗಿನಿಂದ. ನಮ್ಮ ಮಾಳಿಗೆ ರಾತ್ರಿಯೆಲ್ಲಾ ಬಿಸಿ ಬಿಡುತ್ತಿರುತ್ತದೆ. ಅಲ್ಲಿನ ನೆಲ ಮೈಯ ಬಿಸಿಯನ್ನೇ ಹೀರುತ್ತದೆ. ಅದಕ್ಕೇ ಕೆಳಗೆ ದಪ್ಪ ಫೋಮ್ ಅಥವಾ ಗಾಳಿ ತುಂಬುವ ಮ್ಯಾಟ್ ಬೇಕೇ ಬೇಕು. ಸೊನ್ನೆಗಿಂತ ಕೆಳಗಿನ ಚಳಿ ತಡೆಯುವ ಸ್ಲೀಪಿಂಗ್ ಬ್ಯಾಗ್ ಅಲ್ಲೇ ಬಾಡಿಗೆಗೆ ಸಿಗುತ್ತದೆ. ಅದರ ಮೇಲೆ ಅವ್ವನ ಕೌದಿ ಹಾಕಿದರೆ ಬಹಳ ಒಳ್ಳೆಯದು. ತರಲಿ.

ಖಡಕ್‌ರೊಟ್ಟಿಅಕ್ಕ (ಶಹಾಪುರ)

ಊಟದ ವಿಷಯ ಯಾರೂ ಎತ್ತಲಿಲ್ಲ! ತಮ್ಮಾ, ಖಡಕ್ ರೊಟ್ಟಿ ಕಟ್ಟಿಕೊಂಡು ಹೋಗು. ಹಳೇ ಧೋತರದಲ್ಲಿ ಸುತ್ತಿ ಸ್ಟೀಲ್ ಡಬ್ಬಿಯಲ್ಲಿ ಇಟ್ಟರೆ ತಿಂಗಳಾದರೂ ಏನೂ ಆಗುವುದಿಲ್ಲ. ಜೊತೆಗೆ ಶೇಂಗಾ ಹಿಂಡಿ, ಅಗಸಿ ಹಿಂಡಿ. ಒಲೆ ಹಚ್ಚುವುದೇ ಬೇಡ. ನನ್ನ ಮಗ ಲಡಾಖ್‌ಗೆ ಹೋದಾಗ ಇದೇ ಕಟ್ಟಿಕೊಟ್ಟಿದ್ದೆ. ಅಲ್ಲಿನ ವಿಮಾನ ನಿಲ್ದಾಣದಲ್ಲಿ ತಿನ್ನುವ ಸಾಮಾನು ಇದೆ ಅಂತ ಹೇಳಿಬಿಡು, ಮುಚ್ಚಿಡಬೇಡ.

ತೊಗರಿಹೊಲ (ಆಳಂದ)

ಬರೀ ಒಣ ರೊಟ್ಟಿ ಚಳಿಯಲ್ಲಿ ಗಂಟಲಲ್ಲಿ ಇಳಿಯುತ್ತದಾ ಅಕ್ಕಾ? ಬಿಸಿ ಬ್ಯಾಳಿ ಬೇಕು. ಹತ್ತು ನಿಮಿಷ ಕುದಿಸಿದರೆ ಆಯಿತು. ನಮ್ಮ ತೊಗರಿಗೆ 2019ರಲ್ಲಿ ಜಿಐ ಟ್ಯಾಗ್ ಸಿಕ್ಕಿರುವುದು ಸುಮ್ನೆ ಅಲ್ಲ, ಬೇಗ ಬೇಯುತ್ತದೆ, ರುಚಿಯೂ ಹೆಚ್ಚು.

ಫಿಜಿಕ್ಸ್‌ಮೇಷ್ಟ್ರು (ಭಾಲ್ಕಿ)

ಇಲ್ಲಿ ಒಂದು ತಿದ್ದುಪಡಿ. ತೆರೆದ ಪಾತ್ರೆಯಲ್ಲಿ ಅಲ್ಲಿ ತೊಗರಿ ಹತ್ತು ನಿಮಿಷದಲ್ಲಿ ಬೇಯುವುದಿಲ್ಲ, ಬಹಳ ಹೊತ್ತು ಹಿಡಿಯುತ್ತದೆ. ನೀರು 100 ಡಿಗ್ರಿಯಲ್ಲಿ ಕುದಿಯುವುದು ಸಮುದ್ರ ಮಟ್ಟದಲ್ಲಿ. ಮೇಲೆ ಹೋದಷ್ಟೂ ಗಾಳಿಯ ಒತ್ತಡ ಕಡಿಮೆ, ನೀರು ಕಡಿಮೆ ಬಿಸಿಗೇ ಕುದಿಯುತ್ತದೆ. 2,500 ಮೀಟರ್‌ನಲ್ಲಿ ಸುಮಾರು 92 ಡಿಗ್ರಿಗೇ ಕುದಿ ಬರುತ್ತದೆ. ಎಷ್ಟೇ ಜೋರು ಬೆಂಕಿ ಹಾಕಿ, ನೀರು ಅದಕ್ಕಿಂತ ಬಿಸಿ ಆಗುವುದಿಲ್ಲ, ಆವಿಯಾಗಿ ಹೋಗುತ್ತದೆ ಅಷ್ಟೇ. ಗ್ಯಾಸ್ ಖಾಲಿ, ಬೇಳೆ ಕಲ್ಲು. ಚಿಕ್ಕ ಕುಕ್ಕರ್ ಒಯ್ಯಬೇಕು. ಬೇಳೆಯನ್ನು ಒಂದು ಗಂಟೆ ನೆನೆಸಿಟ್ಟರೆ ಇನ್ನೂ ಒಳ್ಳೆಯದು.

ನಮ್ಮ ಮಕ್ಕಳಿಗೆ ಈ ಪಾಠ ಪ್ರತಿ ವರ್ಷ ಮಾಡುತ್ತೇನೆ. ಇನ್ನು ಮೇಲೆ ಈ ಬೇಳೆಯ ಉದಾಹರಣೆಯನ್ನೇ ಕೊಡುತ್ತೇನೆ.

ತೊಗರಿಹೊಲ (ಆಳಂದ)

ನಾನು ನಲವತ್ತು ವರ್ಷ ತೊಗರಿ ಬೆಳೆದವನು, ಇದು ಗೊತ್ತಿರಲಿಲ್ಲ ಮೇಷ್ಟ್ರೇ. ಕುಕ್ಕರ್ ಒಯ್ಯಲಿ.

ಡಾಕ್ಟರ್‌ಬಾಯಿ (ಯಾದಗಿರಿ)

ನಾನು ವೈದ್ಯೆ. ಅಪ್ಪನನ್ನು ನಾನು ನೋಡಿಲ್ಲ, ಆದ್ದರಿಂದ ಅವರಿಗೆ ಗುಳಿಗೆ ಬರೆದುಕೊಡುವ ವೈದ್ಯರನ್ನು ಹೊರಡುವ ಮೊದಲು ಕೇಳಲೇಬೇಕು. ಇದು ತಪ್ಪಿಸಬೇಡಿ.

ಸಾಮಾನ್ಯವಾಗಿ ಎತ್ತರದ ತೊಂದರೆ ಶುರುವಾಗುವುದು 2,500 ಮೀಟರ್ ಆಸುಪಾಸು. ನೀವು ಹೇಳುವ ಜಾಗ ಸರಿಯಾಗಿ ಆ ಗಡಿಯಲ್ಲಿದೆ. ಬಿಪಿ ಹಿಡಿತದಲ್ಲಿದ್ದವರು ಹೋಗಬಾರದು ಅಂತೇನಿಲ್ಲ. ತೊಂದರೆ ಬರುವುದು ಅವಸರದಿಂದ. ಯಾದಗಿರಿಯ ಎತ್ತರ ಸುಮಾರು 390 ಮೀಟರ್, ಕಲಬುರಗಿ 450ರ ಆಸುಪಾಸು. ಲಾಸ್ ಏಂಜಲೀಸ್ ಸಮುದ್ರದ ಪಕ್ಕ. ಅಲ್ಲಿಂದ ಒಂದೇ ದಿನ ಕಾರಲ್ಲಿ 2,500 ಮೀಟರ್ ಏರಿ ಅಲ್ಲೇ ಮಲಗುವುದು ಬೇಡ. ನಡುವಿನ ಎತ್ತರದಲ್ಲಿ ಒಂದು ರಾತ್ರಿ ಕಳೆಯಿರಿ.

ಮೇಲೆ ಹೋದಾಗ ತಲೆನೋವು, ವಾಂತಿ, ತಲೆ ಸುತ್ತುವುದು ಕಂಡರೆ "ಬೆಳಗ್ಗೆ ನೋಡೋಣ" ಅನ್ನಬೇಡಿ. ತಕ್ಷಣ ಕೆಳಗೆ ಇಳಿಸಿ. ಇಳಿಯುವುದೇ ಮೊದಲ ಔಷಧ. ಆದ್ದರಿಂದ ಅಪ್ಪ ಮಲಗುವ ಜಾಗದಲ್ಲಿ ಒಂದು ಗಾಡಿ, ಓಡಿಸುವವರು ಒಬ್ಬರು ಇರಲೇಬೇಕು. ಒಣ ಹವೆಯಲ್ಲಿ ಬೆವರು ಬಂದದ್ದೇ ಗೊತ್ತಾಗುವುದಿಲ್ಲ, ಬಾಯಾರಿಕೆಗೆ ಕಾಯದೆ ನೀರು ಕುಡಿಸುತ್ತಿರಿ. ಗುಳಿಗೆಗಳನ್ನು ಕೈಚೀಲದಲ್ಲೇ ಇಟ್ಟುಕೊಳ್ಳಿ, ಲಗೇಜಿಗೆ ಹಾಕಬೇಡಿ.

ಸೇಡಂರಸ್ತೆ (ಕಲಬುರಗಿ)

ಡಾಕ್ಟರ್ ಅಕ್ಕಾ, ಬಹಳ ಉಪಕಾರವಾಯಿತು. ನಾಡಿದ್ದೇ ಅಪ್ಪನನ್ನು ತೋರಿಸುತ್ತೇನೆ. ನಡುವಿನ ಎತ್ತರದಲ್ಲಿ ಜಾಗ ಇದೆಯಾ?

ಮರಳಿಊರಿಗೆ (ಕಲಬುರಗಿ)

ಇದೆ. ಅದೇ ರಸ್ತೆಯಲ್ಲಿ ಕೆಳಗೆ ವೈಲ್ಡ್‌ರೋಸ್. ಎತ್ತರ ಸುಮಾರು 4,100 ಅಡಿ. ಅದೂ ಪುಕ್ಕಟೆ, 23 ಜಾಗ, ವರ್ಷವಿಡೀ ತೆರೆದಿರುತ್ತದೆ. ನಲ್ಲಿ ನೀರು ಇದೆ. ಯಾವ ಕಾರಾದರೂ ಹೋಗುತ್ತದೆ. ನಡುವೆ ಥಾರ್ನ್‌ಡೈಕ್ ಅಂತ ಇನ್ನೊಂದಿದೆ, 7,400 ಅಡಿ, ಅಲ್ಲಿಗೂ ಎತ್ತರದ ಗಾಡಿಯೇ ಬೇಕು. ಮೇಲಿನ ಎರಡೂ ಚಳಿಗಾಲದಲ್ಲಿ ಮುಚ್ಚುತ್ತವೆ. ಹಿಮ ಬೇಗ ಬಿದ್ದರೆ ರಸ್ತೆ ಇನ್ನೂ ಮೊದಲೇ ಬಂದ್ ಆಗಬಹುದು, ಹೊರಡುವ ದಿನ ಪಾರ್ಕಿನ ರಸ್ತೆ ಮಾಹಿತಿ ನೋಡಿ.

ರಸ್ತೆಯ ವಿಷಯ ಸ್ಪಷ್ಟವಾಗಿ ಹೇಳುತ್ತೇನೆ. ಇದ್ದಿಲು ಗೂಡುಗಳ ತನಕ ಪರವಾಗಿಲ್ಲ. ಅಲ್ಲಿಂದ ಮೇಲಿನ ಒಂದೂವರೆ ಮೈಲಿ ಕಡಿದಾದ ಏರು, ಚೂಪು ಕಲ್ಲು, ಮಳೆ ನೀರು ಕೊರೆದ ಗುಂಡಿ. ಮೊದಲ ಸಲ ಬಾಡಿಗೆ ಕಾರಲ್ಲಿ ಏರಿಸಿದೆ. ಟೈರ್ ಪಕ್ಕದಲ್ಲೇ ಹರಿಯಿತು, ಬೆರಳು ತೂರುವಷ್ಟು. ಕರಾರು ಪತ್ರದಲ್ಲಿ ಡಾಂಬರು ಬಿಟ್ಟು ಹೋದರೆ ವಿಮೆ ಇಲ್ಲ ಅಂತ ಸಣ್ಣ ಅಕ್ಷರದಲ್ಲಿ ಇತ್ತು. ಪೂರ್ತಿ ದುಡ್ಡು ಕೈಯಿಂದ ಹೋಯಿತು. ಸಿಗ್ನಲ್ ಇಲ್ಲದ ಜಾಗದಲ್ಲಿ ಸ್ಟೆಪ್ನಿ ಬದಲಿಸುತ್ತಾ ಕಳೆದ ಆ ಎರಡು ಗಂಟೆ ನನಗೆ ಇನ್ನೂ ನೆನಪಿದೆ.

ಹಳೇಟೈರ್ (ಹುಮನಾಬಾದ್)

ಟೈರ್ ನನ್ನ ಕಸುಬು, ಅದಕ್ಕೆ ಬರೆಯುತ್ತಿದ್ದೇನೆ. ಪಕ್ಕ ಹರಿದರೆ ಪಂಚರ್ ಹಾಕಲು ಬರುವುದಿಲ್ಲ, ಟೈರೇ ಹೋಯಿತು. ಕಲ್ಲಿನ ರಸ್ತೆಯಲ್ಲಿ ಗಾಳಿ ಸ್ವಲ್ಪ ಇಳಿಸಿದರೆ ಹಿಡಿತ ಸಿಗುತ್ತದೆ, ಆದರೆ ಮತ್ತೆ ತುಂಬಲು ಚಿಕ್ಕ ಪಂಪ್ ಜೊತೆಗಿರಲಿ. ಸ್ಟೆಪ್ನಿಯ ಗಾಳಿ ಮನೆಯಲ್ಲೇ ನೋಡಿ. ಪೂರ್ತಿ ಅಳತೆಯ ಸ್ಟೆಪ್ನಿನಾ, ಸಣ್ಣದಾ ಅದನ್ನೂ ನೋಡಿ. ಇಳಿಯುವಾಗ ಬ್ರೇಕ್ ಮೇಲೇ ಕಾಲಿಟ್ಟುಕೊಂಡು ಬರಬೇಡಿ, ಕಡಿಮೆ ಗೇರ್‌ನಲ್ಲಿ ಬನ್ನಿ. ಬ್ರೇಕ್ ಸುಟ್ಟ ವಾಸನೆ ಬಂದರೆ ನಿಲ್ಲಿಸಿ ಆರಲು ಬಿಡಿ.

ಓಲ್ಡ್‌ಸಿಟಿ (ಬೀದರ್)

ಇದ್ದಿಲು ಗೂಡು ಅಂದರೆ ಏನು? ಫೋಟೋ ನೋಡಿದೆ, ನಮ್ಮ ಅಷ್ಟೂರಿನ ಗುಂಬಜ್ ಸಾಲಿನ ಹಾಗೆ ಕಾಣುತ್ತವೆ.

ಮರಳಿಊರಿಗೆ (ಕಲಬುರಗಿ)

ದೂರದಿಂದ ನನಗೂ ಹಾಗೇ ಅನ್ನಿಸಿತ್ತು. ಆದರೆ ಗೋರಿಗಳಲ್ಲ, ಭಟ್ಟಿಗಳು. ಒಟ್ಟು ಹತ್ತು, ಒಂದೇ ಸಾಲು. ಒಂದೊಂದೂ 25 ಅಡಿ ಎತ್ತರದ ಕಲ್ಲಿನ ಜೇನುಗೂಡು. 1877ರಲ್ಲಿ ಕಟ್ಟಿದ್ದು. ಸುತ್ತಲಿನ ಪಿನಿಯನ್ ಮರ ಕಡಿದು ಒಳಗೆ ಸುಟ್ಟು ಇದ್ದಿಲು ಮಾಡಿ, ಬೆಳ್ಳಿ, ಸೀಸದ ಅದಿರು ಕರಗಿಸಲು ಸಾಗಿಸುತ್ತಿದ್ದರು. ಮರುಭೂಮಿಯಲ್ಲಿ ಅಷ್ಟು ಮರ ಇರುವುದೂ ಎತ್ತರದಿಂದಲೇ. ಕೆಳಗೆ ಉಪ್ಪು, ಮೇಲೆ ಕಾಡು.

ಆ ಪಿನಿಯನ್ ಮರದ ಬೀಜ ಟಿಂಬಿಶಾ ಶೋಶೋನಿ ಎಂಬ ಅಲ್ಲಿನ ಮೂಲ ಜನರ ಆಹಾರ. ಬೇಸಿಗೆಯಲ್ಲಿ ಕಣಿವೆ ಬಿಟ್ಟು ಗುಡ್ಡ ಏರುತ್ತಿದ್ದರು, ಬೀಜ ಕೂಡಿಸಿಕೊಂಡು ಚಳಿಗಾಲಕ್ಕೆ ಇಳಿಯುತ್ತಿದ್ದರು. ನಮ್ಮಲ್ಲಿ ಒಣಹಣ್ಣಿನ ಅಂಗಡಿಯಲ್ಲಿ ಚಿಲ್ಗೋಜಾ ಸಿಗುತ್ತದಲ್ಲ, ಅದರ ತಂಗಿ ಅಂದುಕೊಳ್ಳಿ.

ಓಲ್ಡ್‌ಸಿಟಿ (ಬೀದರ್)

ಒಣ ನಾಡಿನ ಜನರ ಬುದ್ಧಿ ದೊಡ್ಡದು. ನಮ್ಮ ನೌಬಾದ್ ಕರೇಜ್ ನೋಡಿ. ನೆಲದಡಿ ಸುರಂಗ, ಅಲ್ಲಲ್ಲಿ ಬಾವಿಯಂಥ ಬಾಯಿ, ಬಹಮನಿ ಕಾಲದ್ದು. ಬಿಸಿಲಿಗೆ ನೀರು ಆರಬಾರದು ಅಂತ ನೆಲದ ಒಳಗೇ ಹರಿಸಿದರು. ಮಕ್ಕಳನ್ನು ಕರೆದುಕೊಂಡು ಬಂದು ತೋರಿಸಿ, ಬೀದರ್ ಅಂದರೆ ಬರೀ ಕೋಟೆ ಅಲ್ಲ.

ಸುರಪುರಸವಾರ (ಯಾದಗಿರಿ)

ವಿಷಯ ನೌಬಾದ್‌ಗೆ ಹೋಯಿತು! ನಾನೂ ಸ್ವಲ್ಪ ಆ ಕಡೆ ಈ ಕಡೆ ಹೋಗುತ್ತೇನೆ. ಡೆತ್ ವ್ಯಾಲಿ ಆಗದವರು ನಮ್ಮದೇ ಹಾನ್ಲೆ ನೋಡಿ. ಲಡಾಖ್‌ನ ಶೀತ ಮರುಭೂಮಿ, 4,300 ಮೀಟರ್‌ಗೂ ಮೇಲೆ. ಬೈಕಲ್ಲಿ ಹೋಗಿದ್ದೆ. ಅಲ್ಲಿ ಮೊದಲ ರಾತ್ರಿ ತಲೆ ಒಡೆದು ಹೋಗುವಷ್ಟು ನೋವು. ಡಾಕ್ಟರ್ ಅಕ್ಕ ಹೇಳಿದ್ದು ಅಕ್ಷರಶಃ ನಿಜ. ನಾನು ಲೇಹ್‌ನಲ್ಲಿ ಒಂದೇ ದಿನ ನಿಂತು ಓಡಿದ್ದೆ, ತಪ್ಪು.

ಅಲ್ಲಿ ಎರಡು ಮೀಟರ್ ದೂರದರ್ಶಕ ಇದೆ, ಹಿಮಾಲಯನ್ ಚಂದ್ರ. ಅದನ್ನು ನಡೆಸುವುದು ನಮ್ಮ ಹೊಸಕೋಟೆಯಿಂದ, ಉಪಗ್ರಹ ಸಂಪರ್ಕದ ಮೂಲಕ! ಬೆಂಗಳೂರಿನ ಭಾರತೀಯ ಖಭೌತ ಸಂಸ್ಥೆಯದು. ಅಲ್ಲಿ ನಿಂತು ಇದನ್ನು ಕೇಳಿದಾಗ ಎದೆ ಉಬ್ಬಿತು.

ಮರಳಿಊರಿಗೆ (ಕಲಬುರಗಿ)

ಡೆತ್ ವ್ಯಾಲಿಯ ಆಕಾಶವೂ ಹಾಗೇ. 2013ರಲ್ಲಿ ಕತ್ತಲ ಆಕಾಶದ ಪಾರ್ಕ್ ಅಂತ ಮಾನ್ಯತೆ ಸಿಕ್ಕಿದೆ. ಅಮಾವಾಸ್ಯೆ ಹತ್ತಿರ ಹೋದರೆ ನಕ್ಷತ್ರಕ್ಕೆ ಒಳ್ಳೆಯದು. ಹುಣ್ಣಿಮೆ ಹತ್ತಿರ ಹೋದರೆ ಕೆಳಗೆ ಉಪ್ಪಿನ ಬಯಲು ಬೆಳ್ಳಗೆ ಕಾಣುತ್ತದೆ. ಎರಡರಲ್ಲಿ ಯಾವುದು ಹೆಚ್ಚು ಅಂದರೆ ನನಗೆ ಹೇಳಲು ಆಗುವುದಿಲ್ಲ.

ತೊಗರಿಹೊಲ (ಆಳಂದ)

ನನ್ನ ಬೇಡ ಅನ್ನುವ ಮಾತು ಅರ್ಧ ಹಿಂದೆ ತೆಗೆದುಕೊಂಡೆ. ತಾಯಿ, ತಂದೆ ಕೆಳಗಿನ ಜಾಗದಲ್ಲಿ ಮಲಗಲಿ. ಮೇಲಿನದು ಹುಡುಗರಿಗೆ.

ಖಡಕ್‌ರೊಟ್ಟಿಅಕ್ಕ (ಶಹಾಪುರ)

ಅವ್ವನೂ ಒಮ್ಮೆ ಮೇಲೆ ಹೋಗಿ ನೋಡಿ ಬರಲಿ ಕಾಕಾ. ಜೀವಮಾನವೆಲ್ಲಾ ಒಲೆ ಮುಂದೆ ಕೂತವರು. ಅಷ್ಟು ದೂರ ಹೋಗಿ ಕೆಳಗೇ ಕೂರಬೇಕಾ? ಹಗಲು ಹೋಗಿ, ಇಳಿದು ಬರುತ್ತಾರೆ.

ಡಾಕ್ಟರ್‌ಬಾಯಿ (ಯಾದಗಿರಿ)

ಅದೇ ಸರಿ. ಹಗಲು ಏರಿ, ರಾತ್ರಿ ಕೆಳಗೆ ಮಲಗುವುದು.

ಭೀಮಾದಂಡೆ (ಯಾದಗಿರಿ)

ನೀರು ಎಷ್ಟು ಒಯ್ಯಬೇಕು? ಯಾರೂ ಲೆಕ್ಕ ಹೇಳಲಿಲ್ಲ.

ಮರಳಿಊರಿಗೆ (ಕಲಬುರಗಿ)

ಕುಡಿಯಲು ತಲೆಗೆ ದಿನಕ್ಕೆ ನಾಲ್ಕು ಲೀಟರ್ ಇಟ್ಟುಕೊಳ್ಳಿ. ಅಡುಗೆ, ಪಾತ್ರೆಗೆ ಬೇರೆ. ರಿಡ್ಜ್‌ಕ್ರೆಸ್ಟ್ ಊರಲ್ಲಿ ನೀರು, ಪೆಟ್ರೋಲ್, ಸಾಮಾನು ಎಲ್ಲಾ ತುಂಬಿಸಿಕೊಂಡು ಹೊರಡಿ. ಅಣ್ಣನಿಗೆ ಇನ್ನೊಂದು ಹೇಳಿ: ಟೆಲಿಸ್ಕೋಪ್ ಪೀಕ್ ಏರುವ ಕಾಲುದಾರಿ ಕ್ಯಾಂಪ್‌ನಿಂದಲೇ ಶುರು. 11,049 ಅಡಿ, ಪಾರ್ಕಿನಲ್ಲೇ ಎತ್ತರದ ಶಿಖರ. ಹೋಗುವುದು ಏಳು ಮೈಲಿ, ಬರುವುದು ಏಳು. ರೂಢಿ ಇಲ್ಲದೆ ಪೂರ್ತಿ ಹೋಗಬೇಡಿ, ಒಂದೆರಡು ಮೈಲಿ ನಡೆದರೂ ನೋಟ ಸಿಗುತ್ತದೆ.

ಸೇಡಂರಸ್ತೆ (ಕಲಬುರಗಿ)

ಎಲ್ಲರಿಗೂ ಶರಣು. ಹೋಗಿ ಬಂದೆವು, ನಿನ್ನೆ ಊರು ಮುಟ್ಟಿದೆವು. ಕಾಯುತ್ತಿದ್ದೀರಿ ಅಂತ ಗೊತ್ತು, ಅದಕ್ಕೆ ನಿದ್ದೆಗಣ್ಣಲ್ಲೇ ಬರೆಯುತ್ತಿದ್ದೇನೆ.

ಡಾಕ್ಟರ್ ಅಕ್ಕ ಹೇಳಿದ ಹಾಗೇ ಮಾಡಿದೆವು. ಅಣ್ಣನ ಗೆಳೆಯನ ಕುಟುಂಬ ಇನ್ನೊಂದು ಗಾಡಿ ತಂದಿತ್ತು, ಎರಡು ಗಾಡಿ ಆದವು. ಮೊದಲ ರಾತ್ರಿ ಎಲ್ಲರೂ ವೈಲ್ಡ್‌ರೋಸ್‌ನಲ್ಲಿ. ಗಾಳಿ ಜೋರು. ಟೆಂಟ್ ರಾತ್ರಿಯಿಡೀ ಪಟಪಟ ಬಡಿದುಕೊಳ್ಳುತ್ತಿತ್ತು, ಹೊಲದಲ್ಲಿ ಹಕ್ಕಿ ಓಡಿಸಲು ಕಟ್ಟಿದ ಪ್ಲಾಸ್ಟಿಕ್ ಹಾಗೆ. ಬೆಳಗ್ಗೆ ಅಪ್ಪನ ಬಿಪಿ ನೋಡಿದೆವು, ಸರಿಯಿತ್ತು.

ಮರುದಿನ ಇದ್ದಿಲು ಗೂಡು. ಅವ್ವ ಒಂದರೊಳಗೆ ಹೋಗಿ ಗೋಡೆ ಮುಟ್ಟಿದರು, ಬೆರಳು ಮೂಗಿಗೆ ಹಿಡಿದರು. "ಇನ್ನೂ ಹೊಗೆ ವಾಸನೆ ಅದ ನೋಡು, ನಮ್ಮ ಹಳೇ ಅಡುಗೆ ಮನೆ ಇದ್ದಂಗ" ಅಂದರು. ಆಮೇಲೆ ಅಲ್ಲೇ ನಿಂತು ಒಂದು ವಚನ ಹಾಡಿದರು. ಆ ಗುಮ್ಮಟದೊಳಗೆ ದನಿ ಸುತ್ತಿ ಸುತ್ತಿ ಬಂತು. ಹೊರಗಿದ್ದ ಇಬ್ಬರು ಬಿಳಿಯರು ಟೋಪಿ ತೆಗೆದು ಬಾಗಿಲಲ್ಲಿ ನಿಂತು ಕೇಳಿದರು. ಅವ್ವ ಊರಲ್ಲಿ ನಾಲ್ಕು ಜನರ ಮುಂದೆ ಹಾಡುವವರಲ್ಲ.

ಅಲ್ಲಿಂದ ಫೋರ್ ವೀಲ್ ಗಾಡಿಯಲ್ಲಿ ಮೇಲಕ್ಕೆ. ಹಳೇಟೈರ್ ಅಣ್ಣಾ, ಗಾಳಿ ಇಳಿಸಿಯೇ ಏರಿದೆವು, ಪಂಪ್ ಇತ್ತು. ಮಧ್ಯಾಹ್ನ ಮಹಾಗನಿ ಫ್ಲಾಟ್‌ನಲ್ಲಿ ಕುಕ್ಕರ್ ಇಟ್ಟೆವು. ಸೀಟಿ ಹೊಡೆದಾಗ ಪಕ್ಕದ ಟೆಂಟಿನ ಹುಡುಗಿ ಗಾಬರಿಯಾಗಿ ಓಡಿ ಬಂದಳು. ಅವಳಿಗೂ ಬ್ಯಾಳಿ, ರೊಟ್ಟಿ ಕೊಟ್ಟೆವು. ಖಡಕ್ ರೊಟ್ಟಿ ಒಂದೂ ಉಳಿಯಲಿಲ್ಲ ಅಕ್ಕಾ. ಅಪ್ಪ ಕಲ್ಲಿನ ಮೇಲೆ ಕೂತು ಕೆಳಗಿನ ಉಪ್ಪಿನ ಬಯಲು ನೋಡುತ್ತಾ ಅರ್ಧ ಗಂಟೆ ಮಾತಾಡಲಿಲ್ಲ. ಮೂರು ಗಂಟೆಗೆ ಇಳಿಸಿದೆವು. ಅಪ್ಪ, ಅವ್ವ, ವೈನಿ, ಗೆಳೆಯನ ಕುಟುಂಬ ಕೆಳಗೆ ಉಳಿದರು. ಅಣ್ಣ, ನಾನು ಮತ್ತೆ ಮೇಲೆ ಹೋದೆವು.

ರಾತ್ರಿ ಎರಡು ಗಂಟೆಗೆ ಎಚ್ಚರವಾಯಿತು. ಮೂಗು ಮರಗಟ್ಟಿತ್ತು. ಅವ್ವನ ಕೌದಿ ತಲೆತನಕ ಎಳೆದುಕೊಂಡೆ, ಅದರಲ್ಲಿ ನಮ್ಮ ಮನೆ ಟ್ರಂಕಿನ ನುಸಿ ಗುಳಿಗೆ ವಾಸನೆ. ಬೆಳಗ್ಗೆ ಕ್ಯಾನ್ ಅಲ್ಲಾಡಿಸಿದರೆ ಒಳಗೆ ಗಾಜಿನ ಚೂರು ಇದ್ದ ಹಾಗೆ ಸದ್ದು. ಆಚೆ ದಡದ ಗುಡ್ಡಗಳ ಹಿಂದಿನಿಂದ ಸೂರ್ಯ ಬಂದ. ಮೊದಲು ನಮ್ಮ ಮೇಲೆ ಬಿಸಿಲು ಬಿತ್ತು. ಕೆಳಗೆ ಕಣಿವೆ ಇನ್ನೂ ಕತ್ತಲು. ಅಣ್ಣನ ಜೊತೆ ಹೀಗೆ ಸುಮ್ಮನೆ ಕೂತು ಹದಿನೈದು ವರ್ಷ ಆಗಿತ್ತು.

ಚಿಂಚೋಳಿಕಾಡು ಅಣ್ಣಾ, ಹೊರಡುವ ಮೊದಲು ಅಪ್ಪ ಇಡೀ ಜಾಗ ಸುತ್ತಿ ಕಸ ಆರಿಸಿದ್ದರು. ನಿಮ್ಮ ಗಾಜಿನ ಕಥೆ ಹೇಳಿದ್ದೆ ಅವರಿಗೆ. ಜನವರಿಯಲ್ಲಿ ನಮ್ಮನ್ನು ಚಂದ್ರಂಪಳ್ಳಿಗೆ ಕರೆದೊಯ್ಯುತ್ತೀರಾ? ಅನುಮತಿ ಯಾರ ಹತ್ತಿರ ಕೇಳಬೇಕು ಹೇಳಿ.

ಚಿಂಚೋಳಿಕಾಡು

ಕಣ್ಣಲ್ಲಿ ನೀರು ಬಂತು. ಖಂಡಿತ ಬನ್ನಿ. ಅನುಮತಿ ಅರ್ಜಿ ವಲಯ ಅರಣ್ಯಾಧಿಕಾರಿ ಕಚೇರಿಯಲ್ಲಿ ಕೇಳೋಣ, ನಾನೇ ಜೊತೆಗೆ ಬರುತ್ತೇನೆ. ಅವ್ವನನ್ನೂ ಕರೆತನ್ನಿ.

ತೊಗರಿಹೊಲ (ಆಳಂದ)

ಉಳಿದ ಅರ್ಧ ಮಾತೂ ಹಿಂದೆ ತೆಗೆದುಕೊಂಡೆ. ಬ್ಯಾಳಿಗೆ ಎಷ್ಟು ಸೀಟಿ ಬೇಕಾಯಿತು ತಮ್ಮಾ?

ಸೇಡಂರಸ್ತೆ (ಕಲಬುರಗಿ)

ಮನೆಯಲ್ಲಿ ಮೂರು ಕಾಕಾ, ಅಲ್ಲಿ ಆರು. ಒಂದು ಗಂಟೆ ನೆನೆಸಿಯೂ ಆರು.

ಫಿಜಿಕ್ಸ್‌ಮೇಷ್ಟ್ರು (ಭಾಲ್ಕಿ)

ಇದನ್ನು ಬರೆದಿಟ್ಟುಕೊಂಡೆ. ಕುಕ್ಕರ್ ಎಷ್ಟು ಲೀಟರಿನದು, ಬೇಳೆ ಎಷ್ಟು ಹಾಕಿದ್ದಿರಿ?